ಹಲಸಿನ ಬೇಳೆ

ಮೂರು ತಿಂಗಳ ವಿಸಿಟ್ ವೀಸಾದಲ್ಲಿ ನಾನು ಅಜ್ಮಾನಿಗೆ ಬಂದಿಳಿದರೆ
ಇವರ ಕೋಣೆಯಲ್ಲಿ ಎಂಟು ಮಂಚ, ಎಂಟು ಗಂಡಸರು.
ನನಗೆ ನಾದಿನಿಯ ಮನೆಯ ಸೋಫಾ.

ಎರಡನೇ ಶುಕ್ರವಾರ
ವರ್ಕ್‌ಶಾಪಿನ ಹಿಂದೆ ಟಾರ್ಪಾಲು ಎತ್ತಿ ತೋರಿಸಿದರು:
ಎರಡು ಚಕ್ರದ ಮೇಲೊಂದು ಮರದ ಹನಿ,
ಮುಂದೆ ಗುಂಡಗೆ, ಹಿಂದೆ ಇಳಿಜಾರು.
ಪ್ಲೈವುಡ್ಡಿಗೆ ಒದ್ದೆ ಗೋಣಿ ಹೊದಿಸಿ
ರಾತ್ರಿಗಿಷ್ಟು ರಾತ್ರಿಗಿಷ್ಟು ಬಗ್ಗಿಸಿದ್ದಂತೆ.
ಬಾಗಿಲು ಯಾವುದೋ ವಿಲ್ಲಾದ ಅಡುಗೆಮನೆಯಲ್ಲಿ ಮಿಕ್ಕದ್ದು,
ಹಿಡಿ ಇನ್ನೂ ಡ್ರಾಯರಿನದೇ.

‘ಕಣ್ಣೀರಿನ ಹಾಗಿದೆ’ ಅಂದೆ.
‘ಹಲಸಿನ ಬೇಳೆ ಅನ್ನು’ ಅಂದರು, ಸ್ವಲ್ಪ ಮುನಿದು.

ನಂಬರ್ ಪ್ಲೇಟಿಲ್ಲದ ಗಾಡಿ.
ಪೊಡಿಯಬ್ಬನ ಪಿಕಪ್ಪಿಗೆ ಕಟ್ಟಿ
ಕತ್ತಲಾದ ಮೇಲೆ ಹಿಂದಿನ ದಾರಿಯಲ್ಲಿ ಎಳೆಸಿ
ಮರಳ ದಿಬ್ಬದ ಮಗ್ಗುಲಲ್ಲಿ ನಿಲ್ಲಿಸಿದೆವು.
ಅವನು ಬೆನ್ನು ತಿರುಗಿಸಿ, ಹಾರ್ನ್ ಕೂಡ ಮಾಡದೆ ಹೋದ.

ಒಳಗೆ ಫೆವಿಕಾಲ್ ವಾಸನೆ.
ಮಲಗಿದರೆ ಮೂಗಿಗೂ ಮಾಡಿಗೂ ಒಂದೇ ಮೊಳ.
ಇವರು ಗೋಡೆಗಂಟಿ, ಮೈ ಹಿಡಿ ಮಾಡಿಕೊಂಡು
ಪಿಸುಪಿಸು ಮಾತಾಡುತ್ತಾರೆ,
ಮೇಲೆ ಕೆಳಗೆ ಇನ್ನೂ ಏಳು ಜನ ಮಲಗಿರುವ ಹಾಗೆ.

‘ಗಟ್ಟಿ ಮಾತಾಡಿ. ಇಲ್ಲಿ ಯಾರಿದ್ದಾರೆ?’

ತುಂಬ ಹೊತ್ತು ಸುಮ್ಮನಿದ್ದರು.
ಆಮೇಲೆ, ಪರೀಕ್ಷೆ ಮಾಡುವವರಂತೆ,
ಒಮ್ಮೆ ಜೋರಾಗಿ ಕೆಮ್ಮಿದರು.