ಗುರುತಿಸಲಾಗಿದೆ

ಕುಂಬಳೆಯ ಕೇಬಲ್ಲಿನಲ್ಲಿ ಸಂಜೆ ಏಳಕ್ಕೆ
ಹತ್ತು ನಿಮಿಷದ ಕನ್ನಡ ನನ್ನದು.
ಮಲಯಾಳದಲ್ಲಿ ಬಂದ ಹಾಳೆಯ ಅಂಚಿಗೆ
ಪೆನ್ಸಿಲಿನಲ್ಲಿ ಕನ್ನಡ ಗೀಚಿಕೊಂಡು ಓದುತ್ತೇನೆ.
ಕುಂಬ್ಳ ಎಂದಿದ್ದರೆ ಕುಂಬಳೆ ಮಾಡುತ್ತೇನೆ,
ಈವರೆಗೆ ಯಾರೂ ಕೇಳಿಲ್ಲ.

ನಮ್ಮ ವಾರ್ತೆಯಲ್ಲಿ ಯಾರೂ ಏನೂ ಮಾಡುವುದಿಲ್ಲ.
ರಸ್ತೆ ತಡೆಯಲಾಗುತ್ತದೆ, ಕಲ್ಲು ತೂರಲಾಗುತ್ತದೆ,
ಬೆಲೆ ತಾನಾಗಿಯೇ ಗಗನಕ್ಕೇರುತ್ತದೆ.

ಮೀನಿನ ಲೋಲಾಕ್ಷಿ ಬುಟ್ಟಿ ಇಳಿಸಿ
"ಬೂತಾಯಿ ಅಭಾವ ತೀವ್ರಗೊಂಡಿದೆ" ಅಂತಾಳೆ,
ನನ್ನದೇ ರಾಗ, ಸೊಂಟಕ್ಕೆ ಕೈ.
ಅವಳ ಮೊಮ್ಮಗ ಶಾಲೆಯಲ್ಲಿ ಹೇಳಿದನಂತೆ:
"ಕಿಟಕಿ ಗಾಜು ಒಡೆದಿದೆ ಎನ್ನಲಾಗಿದೆ ಟೀಚರ್,
ಹೆಚ್ಚಿನ ವಿವರ ಲಭ್ಯವಾಗಿಲ್ಲ."
ಪೆಟ್ಟು ತಪ್ಪಿತು. ಟೀಚರಿಗೂ ನಗು.

ಮೊನ್ನೆ ಕೋಯಿಪಾಡಿಯಲ್ಲಿ ದೋಣಿ ಮಗುಚಿತು.
ಮಧ್ಯಾಹ್ನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ
ಬಟ್ಟೆ ಸರಿಸಿದರು.
ಮುಖದಿಂದ ತಿಳಿಯುವಂತಿರಲಿಲ್ಲ.
ಮಾವನ ಅಂಗಿಯ ಮೂರನೇ ಗುಬ್ಬಿ ಮಾತ್ರ
ನಾನು ಹೊಲಿದದ್ದು,
ಬಿಳಿ ನೂಲು ಮುಗಿದು, ಹಸಿರಿನಲ್ಲಿ.
"ಅಂದ್" ಎಂದೆ, "ಎನ್ನ ತಮ್ಮಲೆ."
ನನ್ನ ತುಳುವನ್ನು ಪೊಲೀಸ
ಮಲಯಾಳದಲ್ಲಿ ಬರೆದುಕೊಂಡ.

ಆರೂಕಾಲಕ್ಕೆ ಹಾಳೆ ಬಂತು.
ಪೆನ್ಸಿಲು ತಾನಾಗಿಯೇ ಬರೆಯಿತು:
ಮೃತರನ್ನು ಐವತ್ತೆಂಟು ವರ್ಷದ ಕೊಗ್ಗ ಸಾಲ್ಯಾನ್ ಎಂದು
ಗುರುತಿಸಲಾಗಿದೆ.

ಓದಿದೆ. ತಡವರಿಸಲಿಲ್ಲ.
ಯಾರಿಂದ ಎಂದು ಕೇಳುವ ಕ್ರಮ ಇಲ್ಲ.
ಆಮೇಲೆ ಹವಾಮಾನ.
ಕಡಲು ಪ್ರಕ್ಷುಬ್ಧ, ನಮಸ್ಕಾರ.

ಬೆಳಿಗ್ಗೆ ಲೋಲಾಕ್ಷಿ ಬಂದಳು,
ಬುಟ್ಟಿ ಇಳಿಸದೆ ಅಂಗಳದಲ್ಲೇ ನಿಂತಳು.
ರಾಗವಿಲ್ಲ, ಎಂಥದೂ ಇಲ್ಲ.
"ನೀನೇ ಹೋಗಿ ನೋಡಿದ್ದಾ?"
ಎಂದಳು.