ನಲವತ್ತು ಗ್ರಾಂ

ಈಸ್ಟರಿಗೆ ಇನ್ನು ಮೂರು ದಿನ. ನುವೊರೊದ ನನ್ನ ಅಂಗಡಿಯಲ್ಲಿ
ಹಾಲು ಬಿಡದ ಕುರಿಮರಿಗಳು ಕೊಕ್ಕೆಗೆ ತೂಗುತ್ತಿವೆ.
ಎದೆಗೂಡಿನ ಮೇಲ್ತುದಿ, ಉಸಿರುಗೊಳವೆಯ ಪಕ್ಕ
ಬೆರಳು ಹಾಕಿದರೆ ಸಿಗುತ್ತದೆ: ಬೆಳ್ಳಗೆ, ಮೆತ್ತಗೆ,
ಗಿಣ್ಣಿನ ತುಣುಕಿನ ಹಾಗೆ.
ಬೆಣ್ಣೆಯಲ್ಲಿ ಹುರಿದು ತಿನ್ನುವವರು ಆಗಲೇ ಹೇಳಿಟ್ಟಿದ್ದಾರೆ.
ಮುದಿ ಕುರಿಯಲ್ಲಿ ಇದನ್ನು ಹುಡುಕಬೇಡಿ, ಬರೀ ಕೊಬ್ಬು.
ಇಷ್ಟನ್ನು ಅಪ್ಪ ಕಲಿಸಿದ್ದ.
ಉಳಿದದ್ದನ್ನು ಡಾಕ್ಟರ್ ಪಿರಾಸ್ ಕಲಿಸಿದರು,
ಕಾಲ್ಯರಿಯ ಆಸ್ಪತ್ರೆಯಲ್ಲಿ, ಒಂದು ಲೋಟ ಕಾಫಿ ಆರುವಷ್ಟರಲ್ಲಿ.

ಅಸ್ಸುಂತೀನಾಗೆ ಆಗ ಒಂಬತ್ತು.
ಮೊದಲು ನಾಲಿಗೆಯ ಮೇಲೆ ಬಿಳಿ ಬೂಷ್ಟು, ಒರೆಸಿದಷ್ಟೂ ಮತ್ತೆ.
ಆಮೇಲೆ ಪೆನ್ಸಿಲ್ ಹಿಡಿದ ಕೈ ಸೆಟೆದು ನಿಂತಿತು,
ಬೆರಳು ಬಿಡಿಸಲು ಟೀಚರಿಗೂ ಆಗಲಿಲ್ಲ.
ಆಮೇಲೆ ಉಪ್ಪು.
ದೊಡ್ಡಿಯಲ್ಲಿ ಕುರಿಗೆಂದು ಕಟ್ಟಿದ ಉಪ್ಪಿನ ಕಲ್ಲನ್ನು
ಕುರಿಗಳ ನಡುವೆ ಮಂಡಿಯೂರಿ ನೆಕ್ಕುತ್ತಿದ್ದಳು ನನ್ನ ಮಗಳು.
ಬಿಸಿಲೇ ಕಾಣದ ಜನವರಿಯಲ್ಲಿ
ಅವಳ ಬೆರಳಿನ ಗೆಣ್ಣು ಕಪ್ಪಿಟ್ಟಿತ್ತು.
ಅವರಮ್ಮ ಸೋಪು ಹಾಕಿ ತಿಕ್ಕಿದಳು.

"ಇದೇ ಮಾಂಸ" ಎಂದರು ಡಾಕ್ಟರ್, ನನ್ನ ಎದೆಯೆಲುಬಿಗೆ ಪೆನ್ನಿಟ್ಟು,
"ನೀವು ಕಾಗದದಲ್ಲಿ ಕಟ್ಟಿ ಕೊಡುತ್ತೀರಲ್ಲ, ಅದೇ.
ಮೈ ಕಾಯುವ ಜೀವಕೋಶಗಳು ಪಳಗುವುದು ಇಲ್ಲಿ.
ಮನೆಯವರನ್ನೆಲ್ಲ ಪರಿಚಯ ಮಾಡಿಸುವ ಕೋಶಗಳೂ ಇಲ್ಲೇ:
ಇದು ಕಣ್ಣಿನದು, ಇದು ಹೊಟ್ಟೆಯದು,
ಇದು ಮೂತ್ರಪಿಂಡದ ನೆತ್ತಿಯ ಮೇಲಿನ ಪುಟ್ಟ ಗ್ರಂಥಿಯದು,
ಎಲ್ಲದರದೂ ಒಂದೊಂದು ಚೂರು.
ಆ ಚೂರನ್ನು ಕಡ ತಂದು ಮತ್ತೊಮ್ಮೆ ತೋರಿಸುವವೂ ಇವೆ.
ಮನೆಯದಕ್ಕೇ ಬಾಯಿ ಹಾಕಿದ್ದು ಅಲ್ಲೇ ಸಾಯುತ್ತದೆ.
ಕೆಲವಕ್ಕೆ ಜೀವದಾನ,
ಮಿಕ್ಕವರ ಜಗಳ ಬಿಡಿಸುವ ಕೆಲಸ ಕೊಟ್ಟು."

ನಾನು ತಲೆಯಾಡಿಸಿದೆ. ನನಗೆ ನಾಯಿ ಗೊತ್ತು.
ಆಗತಾನೆ ಕಣ್ಣುಬಿಟ್ಟ ನಾಯಿಮರಿಯನ್ನು ಅಪ್ಪ ಕುರಿಗಳ ನಡುವೆ ಮಲಗಿಸುತ್ತಿದ್ದ,
ಉಣ್ಣೆಯ ವಾಸನೆಯೇ ಅದಕ್ಕೆ ತಾಯಿಯ ವಾಸನೆಯಾಗುವವರೆಗೆ.
ಕುರಿಮರಿಯ ಕಿವಿ ಕಚ್ಚಿದ್ದನ್ನು ಕಲ್ಲುಗೋಡೆಯಾಚೆ ಒಯ್ದು
ಬರಿಗೈಯಲ್ಲಿ ಬರುತ್ತಿದ್ದ.
ಆ ರಾತ್ರಿ ಊಟ ಕಮ್ಮಿ ಮಾಡುತ್ತಿದ್ದ, ಅಷ್ಟೆ.

ಒಂದು ವರ್ಷ ಚಿಕ್ಕಪ್ಪ ಗಬ್ಬದ ಕತ್ತೆ ತಂದ.
ಮರಿ ಹುಟ್ಟಿದ ರಾತ್ರಿಯೇ ನಮ್ಮ ಮುರ್ರು,
ಏಳು ವರ್ಷ ಒಂದು ಕುರಿಯನ್ನೂ ಕಳೆಯದ ಮುರ್ರು,
ಅದರ ಗಂಟಲು ಸೀಳಿತ್ತು.
ಬೆಳಿಗ್ಗೆ ಬಾಲ ಅಲ್ಲಾಡಿಸುತ್ತ ಬಂತು, ಶಹಬ್ಬಾಸ್ ಎನ್ನುತ್ತೇವೆಂದು.
ಬೇಲಿಯೇ ಎದ್ದು ಹೊಲ ಮೇಯಿತು ಅಂದರು ನೆರೆಯವರು.
ಅಪ್ಪ ಕೇಳಿದ: ಬೇಲಿಗೆ ಈ ಹೊಲವನ್ನು ತೋರಿಸಿದ್ದವರು ಯಾರು?

"ಹಾಗೇ" ಎಂದರು ಡಾಕ್ಟರ್.
"ಇವಳಲ್ಲಿ ತೋರಿಸುವವರ ಕೈಲಿರುವ ಪಟ್ಟಿ ಹರಿದಿದೆ.
ನಿಮ್ಮಿಂದ ಒಂದು ಪ್ರತಿ, ಅವರಮ್ಮನಿಂದ ಒಂದು,
ಎರಡರಲ್ಲೂ ಹರಿದಿರುವುದು ಒಂದೇ ಪುಟ."
ನಾವಿಬ್ಬರೂ ಒಂದೇ ಕಣಿವೆಯವರು. ಮದುವೆಯ ದಿನ
ಎರಡೂ ಕಡೆಯ ಅಜ್ಜಿಯರ ಮೂಗು ಒಂದೇ ಎಂದು ಎಲ್ಲರೂ ನಕ್ಕಿದ್ದರು.
ವಾಪಸು ಬರುವ ಬಸ್ಸಿನಲ್ಲಿ ಹೆಂಡತಿ ಕಿಟಕಿಯತ್ತ ತಿರುಗಿ ಕೂತಳು,
ನಾನು ಅವಳತ್ತ.

ಈಗ ಹದಿಮೂರು. ಮಾತ್ರೆಯ ಡಬ್ಬಿ ಅವಳದೇ ಉಸ್ತುವಾರಿ,
ಸುಣ್ಣದ್ದು ಯಾವಾಗ, ಗ್ರಂಥಿಯದ್ದು ಯಾವಾಗ, ನನಗೇ ಹೇಳುತ್ತಾಳೆ.
ಒಳಗೆ ಅವು ಇನ್ನೂ ಕಾವಲಿವೆ, ನಿದ್ದೆಗೆಟ್ಟು.
ಬೈಯೋಣವೆಂದರೆ ನನಗೆ ಬಾಯಿ ಬರುವುದಿಲ್ಲ.
ಆ ಬಾಲ ನೆನಪಾಗುತ್ತದೆ.

ಶಾಲೆ ಬಿಟ್ಟು ಬಂದವಳು ತಕ್ಕಡಿಯ ಮೇಲೆ ಬಗ್ಗಿದಳು,
ತುಟಿಯಂಚಿನಲ್ಲಿ ಒಂದು ಹರಳು ಉಪ್ಪು.
"ಇದೇನಪ್ಪಾ?"
ಕಾಗದ ಮಡಿಸುತ್ತ ನಾನು ಮುಳ್ಳನ್ನೇ ನೋಡಿದೆ.
"ನಲವತ್ತು ಗ್ರಾಂ" ಅಂದೆ.