ಎಡಚ

ಸಂಖದ ಬಯಲಿನಲ್ಲಿ ಆ ವರ್ಷ
ಡೇರೆ ಟಾಕೀಸು ಮೂರು ತಿಂಗಳು ನಿಂತಿತ್ತು.
ನಾನು ರೀಲಿನ ಹುಡುಗ. ಉಮದಿಯ ಡೇರೆಗೂ ನಮ್ಮದಕ್ಕೂ
ಒಂದೇ ಚಿತ್ರ, ಅವೇ ಡಬ್ಬಿಗಳು,
ನಡುವೆ ನನ್ನ ಸೈಕಲ್ಲು.

ಕಥೆ ಹಳೇ ಕಾಲದ್ದು. ಕೋಟೆ, ಮುತ್ತಿಗೆ ಹಾಕಿದ ದಂಡು,
ಬುರುಜಿನ ಮೇಲೆ ಒಬ್ಬಾಕಿ.
ಕೆಳಗೆ ಕುದುರೆ ಮೇಲಿಂದ ಸರದಾರ
ಹಿಂದಿಯಲ್ಲಿ ಏನೋ ಮಾತು ಕೊಟ್ಟು ಹೋಗುತ್ತಾನೆ.
ಏನು ಕೊಟ್ಟನೆಂದು ನಮಗ್ಯಾರಿಗೂ ಸರಿಯಾಗಿ ತಿಳಿಯದು,
ಆದರೂ ಗಂಡಸರ ಕೈಯಲ್ಲಿ ಬೀಡಿ ಆರುತ್ತಿತ್ತು.

ಪರದೆಯ ಮುಂದೆ ಎಂಟಾಣೆ, ಹಿಂದೆ ನಾಕಾಣೆ.
ಹಿಂದೆ ಕೂತ ಹೆಂಗಸರಿಗೆ ಎಲ್ಲ ತಿರುಗಾಮುರುಗಾ:
ಅಕ್ಷರ ಉಲ್ಟಾ,
ಸರದಾರನ ಕತ್ತಿ ಎಡಗೈಯಲ್ಲಿ.

ಅಲ್ಲೇ ಗೋಣಿತಾಟು ಹಾಸಿ ಕೂಡುತ್ತಿದ್ದಳು ಜಕ್ಕವ್ವ, ದಿನಾ.
ಗಂಡ ಅಮಗೊಂಡ ಮಿಲಿಟರಿಗೆ ಹೋದವ, ಹುಟ್ಟಾ ಎಡಚ.
ರೊಟ್ಟಿ ಮುರಿಯುವುದೂ ಎಡಗೈ, ಕುರಿಯ ಉಣ್ಣೆ ಕತ್ತರಿಸುವುದೂ;
ಅತ್ತೆ ಬೈದು ಬೈದು ಸೋತಿದ್ದಳು.
ಸರಹದ್ದಿನಿಂದ ನಾಲ್ಕು ತಿಂಗಳು ಕಾಗದವಿಲ್ಲ.
ಕತ್ತಿ ಮೇಲೆದ್ದಾಗೆಲ್ಲ ಮೊಣಕಾಲು ಅವಚಿಕೊಂಡು
'ಹಾಂ, ಹಂಗ' ಅನ್ನುತ್ತಿದ್ದಳು.

ಕಡೆಯ ಡಬ್ಬಿ ನಾನು ತರುವ ಹೊತ್ತಿಗೆ ಎದ್ದುಬಿಡುವಳು.
'ಒಲಿ ಮ್ಯಾಲ ನುಚ್ಚು ಐತಿ.'
ದಿನಾ ಅದೇ ನುಚ್ಚು.
ಒಂದು ರಾತ್ರಿ ಟೈರು ಒಡೆದು ನಾನು ತಡವಾದೆ.
ಬಾಗಿಲಲ್ಲಿ ಎದುರಾಗಿ ಕೇಳಿದಳು:
'ಆ ಡಬ್ಬಿ ಭಾಳ ವಜ್ಜಿ ಐತೇನೋ ತಮ್ಮಾ?'
'ಎಲ್ಲಾ ಅಷ್ಟ ಅದಾವಬೇ' ಅಂದೆ.
ಸುಳ್ಳಲ್ಲ. ತೂಗಿದರೆ ಎಲ್ಲವೂ ಒಂದೇ.

ಶುಕ್ರವಾರ ಮಧ್ಯಾಹ್ನ ಜತ್ತದಿಂದ ತಂತಿ ಬಂತು,
ಇಂಗ್ಲಿಷಿನಲ್ಲಿ.
ಸಾಲಿ ಮಾಸ್ತರರು ಅದನ್ನು ಮರಾಠಿಯಲ್ಲಿ ಓದಿಕೊಂಡರು,
ಕನ್ನಡಕ್ಕೆ ಬರುವಷ್ಟರಲ್ಲಿ ಚಷ್ಮಾ ತೆಗೆದು
ಒರೆಸುತ್ತಲೇ ನಿಂತರು.

ಆ ರಾತ್ರಿಯೂ ಬಂದಳು. ಯಾರೂ ತಡೆಯಲಿಲ್ಲ.
ಎಂಟಾಣೆ ಇಟ್ಟು 'ಮುಂದಿಂದು ಕೊಡು' ಅಂದಳು.
ಗಂಡಸರು ಸರಿದು ಜಾಗ ಬಿಟ್ಟರು.

ಸರದಾರ ಬಂದ. ಕತ್ತಿ ಹಿರಿದ.
ಬಲಗೈ.

'ಇಂವ ಅಲ್ಲ' ಅಂದಳು, ಎಲ್ಲರಿಗೂ ಕೇಳುವಂತೆ.

ಕಡೆಯ ಡಬ್ಬಿಗೂ ಏಳಲಿಲ್ಲ.
ಅವನು ಬಿದ್ದ, ಬುರುಜಿನವಳು ಚೀರಿದಳು,
ಪರದೆಯ ಆಚೆಯಿಂದ ಬಿಕ್ಕುವ ಸದ್ದು.
'ಯಾರ ಹಡದ ಮಗಾನೋ' ಅಂದು
ಜಕ್ಕವ್ವ ಗೋಣಿತಾಟು ಕೊಡವಿ ಮಡಚಿದಳು.

ಡೇರೆ ಖಾಲಿಯಾದ ಮೇಲೆ ರೀಲು ಹಿಂದಕ್ಕೆ ಸುತ್ತುವಾಗ
ನಾನು ಕೈ ಬದಲಿಸಿ
ಎಡಗೈಯಿಂದ ಸುತ್ತಿದೆ.
ಸೊಟ್ಟ ಬಂತು.
ಮಾಲಕರಿಂದ ಬೈಸಿಕೊಂಡೆ.